ಏಟು ಬಿದ್ದರೆ ನೋಯಬೇಕು

ಫೈಟ್ ಸಿನಿಮಾದಿಂದ ನನಗೆ ಬೇಕಾಗಿರುವುದು ಎರಡೇ. ಯಾರು ಎಲ್ಲಿದ್ದಾರೆ ಅಂತ ಗೊತ್ತಾಗಬೇಕು. ಏಟು ಬಿದ್ದರೆ ನೋಯಬೇಕು. ಕಥೆ ತೆಳ್ಳಗಿದ್ದರೂ ಪರವಾಗಿಲ್ಲ, ಹಾಡು ಇಲ್ಲದಿದ್ದರೂ ನಡೆಯುತ್ತದೆ. ಆದರೆ ಈ ಎರಡು ಇಲ್ಲ ಅಂದರೆ ಎಷ್ಟು ಕೋಟಿ ಸುರಿದಿದ್ದರೂ ನನಗೆ ಬೇಗ ಸಾಕಾಗಿ ಬಿಡುತ್ತದೆ. ಇತ್ತೀಚೆಗೆ ಒಂದಷ್ಟು ಆ್ಯಕ್ಷನ್ ಸಿನಿಮಾ, ಒಂದಷ್ಟು ಆನಿಮೇಷನ್ ಸಿನಿಮಾ ಬೆನ್ನು ಬೆನ್ನಿಗೆ ನೋಡಿದೆ. ಈ ಎರಡು ವಿಷಯದಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿದ ಒಂದು ಬೆಕ್ಕು ಎಷ್ಟೋ ಹೀರೊಗಳಿಗಿಂತ ಮುಂದಿದೆ ಅಂತ ಅನಿಸಿತು. ಅದನ್ನು ಆಮೇಲೆ ಹೇಳುತ್ತೇನೆ.

ನಾನು ದಾವಣಗೆರೆಯಲ್ಲಿ ಮದುವೆ ವಿಡಿಯೊ ಎಡಿಟಿಂಗ್ ಮಾಡುವವಳು. ಸೀಸನ್‌ನಲ್ಲಿ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಧಾರೆ ಎರೆಯುವ ಹೊತ್ತಿಗೆ ಮೂರು ಕ್ಯಾಮೆರಾ ಓಡುತ್ತಿರುತ್ತವೆ. ಒಂದರಲ್ಲಿ ಹುಡುಗಿಯ ಕೈ, ಒಂದರಲ್ಲಿ ಅವರಪ್ಪನ ಮುಖ, ಇನ್ನೊಂದರಲ್ಲಿ ಅಡ್ಡ ನಿಂತ ಯಾರದೋ ಬೆನ್ನು. ಅಪ್ಪನ ಕಣ್ಣು ತುಂಬಿಕೊಂಡ ಆ ಎರಡು ಸೆಕೆಂಡ್ ಕೈಬಿಟ್ಟು ಹೋಗದ ಹಾಗೆ ಎಲ್ಲಿ ಕಟ್ ಹಾಕಬೇಕು ಅನ್ನೋದೇ ನನ್ನ ಕೆಲಸ. ಹಾಗಾಗಿ ಸಿನಿಮಾ ನೋಡುವಾಗಲೂ ಕಣ್ಣು ಕಟ್ ಕಡೆಗೇ ಹೋಗುತ್ತದೆ. ಆಷಾಢ, ಪಿತೃಪಕ್ಷ, ಧನುರ್ಮಾಸ ಬಂದರೆ ಮದುವೆ ಇಲ್ಲ, ನನಗೆ ಬಿಡುವು. ಆಗ ಸಿನಿಮಾ. ಜೊತೆಗೆ ಪಿಯುಸಿ ಓದುವ ಅಕ್ಕನ ಮಗ, ಎರಡನೇ ಕ್ಲಾಸಿನ ಅಣ್ಣನ ಮಗಳು, ಒಮ್ಮೊಮ್ಮೆ ಅಮ್ಮ.

ಎಲ್ಲಕ್ಕಿಂತ ಮೊದಲು ‘ಫ್ಯೂರಿಯೋಸಾ’. 2024ರಲ್ಲಿ ಬಂದಿದ್ದು, ನಾನು ನೋಡಿದ್ದು ತಡವಾಗಿ. ಮನೆಯಲ್ಲೇ, ಎಡಿಟಿಂಗ್ ಮಾನಿಟರ್ ಮೇಲೆ, ಹೆಡ್‌ಫೋನ್ ಹಾಕಿಕೊಂಡು ನೋಡಿದೆ. ನಿರ್ದೇಶಕ ಜಾರ್ಜ್ ಮಿಲ್ಲರ್ ಇದನ್ನು ತೆಗೆಯುವ ಹೊತ್ತಿಗೆ ಎಪ್ಪತ್ತೈದು ದಾಟಿದ್ದರು. ಸಿನಿಮಾಕ್ಕೆ ಬರುವ ಮೊದಲು ಅವರು ಡಾಕ್ಟರು. ಸಿಡ್ನಿಯ ಆಸ್ಪತ್ರೆಯಲ್ಲಿ ಎಮರ್ಜೆನ್ಸಿ ಕೇಸುಗಳನ್ನು ನೋಡಿದವರು. ಗಾಡಿ ಉರುಳಿದರೆ ಮನುಷ್ಯನ ಮೈಗೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿದೆ. ಅದು ತೆರೆ ಮೇಲೆ ಕಾಣುತ್ತದೆ.

ಇದರ ನಡುವೆ ಸುಮಾರು ಹದಿನೈದು ನಿಮಿಷದ ಒಂದು ಫೈಟ್ ಇದೆ. ಅದೊಂದನ್ನೇ ತೆಗೆಯಲು 78 ದಿನ ಹಿಡಿಯಿತಂತೆ. ದೊಡ್ಡ ಟ್ಯಾಂಕರ್ ಲಾರಿ ಮರುಭೂಮಿಯಲ್ಲಿ ಓಡುತ್ತಿದೆ. ನಾಯಕಿ ಫ್ಯೂರಿಯೋಸಾ ಲಾರಿಯ ಹೊಟ್ಟೆಯಡಿ ಅವಿತಿದ್ದಾಳೆ. ಸ್ಟೇರಿಂಗ್ ಹಿಡಿದವನು ಜ್ಯಾಕ್. ಟ್ಯಾಂಕಿನ ಮೇಲೆ ಕಾವಲಿನ ಹುಡುಗರು. ಹಿಂದಿನಿಂದ ಬೈಕಿನವರು ಅಟ್ಟಿಸಿಕೊಂಡು ಬರುತ್ತಾರೆ, ಆಮೇಲೆ ಅವರಲ್ಲೇ ಕೆಲವರು ಗಾಳಿಗೆ ಏರಿ ಮೇಲಿನಿಂದ ಎರಗುತ್ತಾರೆ. ಅಂದರೆ ಒಂದೇ ಸಮಯಕ್ಕೆ ಕೆಳಗೆ, ಒಳಗೆ, ಮೇಲೆ, ಹಿಂದೆ, ಆಕಾಶದಲ್ಲಿ ಏನೇನೋ ನಡೆಯುತ್ತಿದೆ. ಇಷ್ಟಾದರೂ ಒಂದು ಕ್ಷಣವೂ ಗೊಂದಲ ಆಗುವುದಿಲ್ಲ. ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಲಾರಿ ಓಡುವ ದಿಕ್ಕು ಕಟ್‌ನಿಂದ ಕಟ್‌ಗೆ ತಪ್ಪುವುದಿಲ್ಲ. ಹೊಸ ಶಾಟ್ ಬಂದಾಗ ನೋಡಬೇಕಾದ್ದು ಎಲ್ಲಿದೆ ಅಂತ ಕಣ್ಣು ಹುಡುಕಬೇಕಾಗಿಲ್ಲ. ಹಿಂದಿನ ಶಾಟ್‌ನಲ್ಲಿ ಕಣ್ಣು ಎಲ್ಲಿತ್ತೋ ಅಲ್ಲೇ ಸಿಗುತ್ತದೆ.

ಇದು ಮಿಲ್ಲರ್ ‘ಫ್ಯೂರಿ ರೋಡ್’ ಕಾಲದಿಂದಲೇ ಮಾಡಿಕೊಂಡು ಬಂದ ಪದ್ಧತಿ. 2015ರ ಆ ಸಿನಿಮಾದಲ್ಲಿ ಛಾಯಾಗ್ರಾಹಕ ಜಾನ್ ಸೀಲ್ ಮುಖ್ಯವಾದದ್ದನ್ನೆಲ್ಲ ಫ್ರೇಮಿನ ನಟ್ಟನಡುವೆ ಇಟ್ಟುಕೊಂಡು ಶೂಟ್ ಮಾಡಿದರು. ಎಡಿಟ್ ಮಾಡಿದ್ದು ಮಾರ್ಗರೆಟ್ ಸಿಕ್ಸೆಲ್, ಮಿಲ್ಲರ್ ಅವರ ಹೆಂಡತಿ. ಅದಕ್ಕೆ ಮುಂಚೆ ಆಕೆ ಆ್ಯಕ್ಷನ್ ಸಿನಿಮಾ ಎಡಿಟ್ ಮಾಡಿದವರೇ ಅಲ್ಲ. ಸುಮಾರು 480 ಗಂಟೆಯ ಫುಟೇಜ್ ಇಟ್ಟುಕೊಂಡು ಕೂತು ಎರಡು ಗಂಟೆಗೆ ಇಳಿಸಿದರು. ಆ ಎರಡು ಗಂಟೆಯಲ್ಲಿ 2,700ರಷ್ಟು ಕಟ್ ಇವೆ. ಆಸ್ಕರ್ ಬಂತು. ‘ಫ್ಯೂರಿಯೋಸಾ’ದ ಎಡಿಟಿಂಗ್‌ನಲ್ಲೂ ಅವರಿದ್ದಾರೆ. ಒಂದು ಮದುವೆಯ ಹನ್ನೆರಡು ಗಂಟೆ ಫುಟೇಜ್ ಕೈಗೆ ಬಂದರೆ ನನಗೆ ಎಲ್ಲಿಂದ ಶುರು ಮಾಡಲಿ ಅನಿಸುತ್ತದೆ. 480 ಗಂಟೆಯಲ್ಲಿ ಆ ಹೆಂಗಸು ದಾರಿ ಹುಡುಕಿದ ರೀತಿ ನೆನೆಸಿಕೊಂಡರೆ ಕೈ ಮುಗಿಯಬೇಕು ಅನಿಸುತ್ತದೆ. ವೇಗವಾಗಿ ಕಟ್ ಮಾಡುವುದೇ ತಪ್ಪು ಅಂತ ಯಾರಾದರೂ ಹೇಳಿದರೆ ನಾನು ಈ ಸಿನಿಮಾ ತೋರಿಸುತ್ತೇನೆ. ವೇಗದಿಂದ ಏನೂ ಕೆಡುವುದಿಲ್ಲ, ಕಣ್ಣಿಗೆ ದಾರಿ ತಪ್ಪಿದರೆ ಕೆಡುತ್ತದೆ.

‘ಫ್ಯೂರಿಯೋಸಾ’ದಲ್ಲಿ ಇಷ್ಟವಾಗದ್ದೂ ಇದೆ. ಮರುಭೂಮಿ ಕೆಲವು ಕಡೆ ತೀರಾ ನುಣುಪಾಗಿ, ಕಂಪ್ಯೂಟರ್‌ನದ್ದು ಅಂತ ಗೊತ್ತಾಗುವ ಹಾಗಿದೆ. ವಿಲನ್ ಡಿಮೆಂಟಸ್ ಮಾತು ಸ್ವಲ್ಪ ಜಾಸ್ತಿಯಾಯಿತು. ಕಥೆಯಲ್ಲಿ ಅಷ್ಟು ದೊಡ್ಡ ಯುದ್ಧ ಬರುತ್ತದೆ ಅಂತ ಕಾಯಿಸಿ, ಅದನ್ನು ಚಕಚಕನೆ ತೋರಿಸಿ ಮುಗಿಸಿಬಿಟ್ಟರು. ಆದರೂ ಆ ಹದಿನೈದು ನಿಮಿಷಕ್ಕೆ ಇಡೀ ಸಿನಿಮಾ ನೋಡಬಹುದು.

‘ಜಾನ್ ವಿಕ್’ ನಾಲ್ಕನೇ ಭಾಗ ಬೇಗ ಹೇಳಿ ಮುಗಿಸುತ್ತೇನೆ. ಉದ್ದ ಜಾಸ್ತಿ. ಮೂರು ಗಂಟೆಗೆ ಹತ್ತು ನಿಮಿಷ ಕಡಿಮೆ. ನಡುವೆ ಕ್ಲಬ್‌ನ ಫೈಟ್ ಹೊತ್ತಿಗೆ ನನಗೆ ದಣಿವಾಯಿತು. ಆದರೆ ಪ್ಯಾರಿಸ್‌ನ ಮೆಟ್ಟಿಲು! ಸಾಕ್ರೆ ಕೂರ್ ಚರ್ಚಿಗೆ ಹೋಗುವ 222 ಮೆಟ್ಟಿಲನ್ನು ಹೊಡೆದಾಡುತ್ತಾ ಹತ್ತುತ್ತಾನೆ, ಇನ್ನೇನು ಮೇಲೆ ಮುಟ್ಟಿದ ಅನ್ನುವಾಗ ಒದೆ ತಿಂದು ಕೆಳಗಿನವರೆಗೂ ಉರುಳುತ್ತಾನೆ. ಮತ್ತೆ ಹತ್ತಬೇಕು. ನಿರ್ದೇಶಕ ಚಾಡ್ ಸ್ಟಾಹೆಲ್‌ಸ್ಕಿ ಮೊದಲು ‘ಮೇಟ್ರಿಕ್ಸ್’ನಲ್ಲಿ ಕಿಯಾನು ರೀವ್ಸ್‌ಗೆ ಸ್ಟಂಟ್ ಡೂಪ್ ಆಗಿದ್ದವರು. ಬೀಳುವುದು ಏನು ಅಂತ ಮೈಯಿಂದ ಕಲಿತವರು. ಮನೆಯೊಳಗಿನ ಗುಂಡಿನ ಚಕಮಕಿಯನ್ನು ಚಾವಣಿ ತೆಗೆದ ಹಾಗೆ ಮೇಲಿನಿಂದಲೇ ತೋರಿಸಿದ್ದಾರಲ್ಲ, ಅದೂ ಅದ್ಭುತ. ಯಾವ ಕೋಣೆಯಲ್ಲಿ ಯಾರು, ಯಾವ ಬಾಗಿಲಿನ ಹಿಂದೆ ಯಾರು, ಎಲ್ಲ ಒಂದೇ ನೋಟದಲ್ಲಿ ಸಿಗುತ್ತದೆ.

‘ಮಿಷನ್ ಇಂಪಾಸಿಬಲ್’ನ ಕೊನೆಯ ಭಾಗ 2025ರ ಮೇ ತಿಂಗಳಲ್ಲಿ ಬಂತು. ಮೊದಲ ಒಂದು ಗಂಟೆ ಹಳೆಯ ಭಾಗಗಳನ್ನು ನೆನಪಿಸುವುದರಲ್ಲೇ ಹೋಯಿತು. ಆ ಒಂದು ಗಂಟೆಯನ್ನು ನನ್ನ ಕೈಗೆ ಕೊಟ್ಟಿದ್ದರೆ ಇಪ್ಪತ್ತು ನಿಮಿಷಕ್ಕೆ ಇಳಿಸುತ್ತಿದ್ದೆ. ಮುಳುಗಿದ ಜಲಾಂತರ್ಗಾಮಿ ಉರುಳುತ್ತಾ ಹೋಗುವಾಗ ಒಳಗೆ ನೆಲ ಗೋಡೆಯಾಗಿ, ಗೋಡೆ ಚಾವಣಿಯಾಗುವ ದೃಶ್ಯ ಉಸಿರು ಹಿಡಿಸಿತು. ಕೊನೆಯ ಸಣ್ಣ ವಿಮಾನದ ದೃಶ್ಯದಲ್ಲಿ ಟಾಮ್ ಕ್ರೂಸ್ ನಿಜವಾಗಿಯೂ ರೆಕ್ಕೆಗೆ ಜೋತುಬಿದ್ದಿದ್ದಾರೆ. ಗಾಳಿಗೆ ಕೆನ್ನೆಯ ಚರ್ಮ ಅದುರುವುದು ಕಾಣುತ್ತದೆ. ಅರವತ್ತು ದಾಟಿದ ಮನುಷ್ಯ! ಹಸಿರು ಪರದೆ ಮುಂದೆ ಫ್ಯಾನ್ ಇಟ್ಟು ಈ ಕೆನ್ನೆ ತರಲು ಆಗುವುದಿಲ್ಲ.

ಹಿಂದಿಯ ‘ಕಿಲ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಿಖಿಲ್ ನಾಗೇಶ್ ಭಟ್ ನಿರ್ದೇಶನ, 2024ರ ಜುಲೈನಲ್ಲಿ ಬಿಡುಗಡೆ. ರಾಂಚಿಯಿಂದ ದಿಲ್ಲಿಗೆ ಹೊರಟ ರೈಲು. ಒಬ್ಬ ಕಮಾಂಡೊ, ಅವನು ಪ್ರೀತಿಸಿದ ಹುಡುಗಿ, ಬೋಗಿ ತುಂಬ ದರೋಡೆಕೋರರು. ಅಷ್ಟೇ ಕಥೆ. ಆದರೆ ಜಾಗ ನೋಡಿ. ರಾತ್ರಿ ರೈಲಿನಲ್ಲಿ ಹೋದವರಿಗೆಲ್ಲ ಆ ಜಾಗ ಗೊತ್ತು. ಇಬ್ಬರು ಎದುರಾದರೆ ಒಬ್ಬರು ಮೈ ಓರೆ ಮಾಡಬೇಕು. ಅಲ್ಲಿ ಕೈ ಬೀಸಲು ಜಾಗವಿಲ್ಲ, ಕಾಲು ಎತ್ತಲು ಜಾಗವಿಲ್ಲ. ಹೀರೊ ಹಾರಿ ಒದೆಯುವ ಪ್ರಶ್ನೆಯೇ ಇಲ್ಲ. ಮೊಣಕೈ, ಮಂಡಿ, ಬರ್ತಿನ ಕಂಬಿ, ಬಾಗಿಲು, ಬೆಂಕಿ ಆರಿಸುವ ಕೆಂಪು ಸಿಲಿಂಡರ್, ಕೈಗೆ ಸಿಕ್ಕಿದ್ದೇ ಆಯುಧ. ಜಾಗ ಇಕ್ಕಟ್ಟಾದಷ್ಟೂ ಏಟು ಹತ್ತಿರದಿಂದ ಬೀಳುತ್ತದೆ, ಅದಕ್ಕೇ ಜಾಸ್ತಿ ನೋಯುತ್ತದೆ.

ಇನ್ನೊಂದು ವಿಷಯ. ಆ ದರೋಡೆಕೋರರೆಲ್ಲ ಒಂದೇ ಕುಟುಂಬದವರು. ಅಪ್ಪ, ಮಗ, ಚಿಕ್ಕಪ್ಪ, ಅಣ್ಣತಮ್ಮಂದಿರು. ಒಬ್ಬ ಸತ್ತರೆ ಇನ್ನೊಬ್ಬ ಹೆಣದ ಮೇಲೆ ಬಿದ್ದು ಗೋಳಾಡುತ್ತಾನೆ. ನಮ್ಮ ಸಿನಿಮಾಗಳಲ್ಲಿ ವಿಲನ್ ಕಡೆಯವರು ಸತ್ತರೆ ಯಾರೂ ತಿರುಗಿಯೂ ನೋಡುವುದಿಲ್ಲ, ಅಲ್ವಾ? ಇಲ್ಲಿ ಅಳುತ್ತಾರೆ. ಸಿನಿಮಾದ ಹೆಸರು ತೆರೆ ಮೇಲೆ ಬರುವುದು ಮುಕ್ಕಾಲು ಗಂಟೆ ಆದ ಮೇಲೆ. ಆ ಹೊತ್ತಿನಿಂದ ಹೀರೊ ಹೊಡೆಯುವ ರೀತಿಯೇ ಬದಲಾಗುತ್ತದೆ. ಅಷ್ಟು ಹೊತ್ತು ಹೀರೊ ಪರ ಇದ್ದ ನನಗೆ ಆಮೇಲೆ ಅವನನ್ನು ನೋಡಿಯೇ ಹೆದರಿಕೆ ಆಯಿತು. ರಾಘವ್ ಜುಯಾಲ್ ವಿಲನ್ ಆಗಿ ಎಷ್ಟು ಚೆನ್ನಾಗಿ ಮಾಡಿದ್ದಾನೆ ಅಂದರೆ, ಅವನು ನಕ್ಕಾಗಲೆಲ್ಲ ಮೈ ಜುಂ ಅನ್ನುತ್ತದೆ. ಇದು ‘ಎ’ ಸರ್ಟಿಫಿಕೇಟ್ ಸಿನಿಮಾ. ಮಕ್ಕಳನ್ನು ಮಲಗಿಸಿ ನೋಡಿ. ರಕ್ತ ನೋಡಲು ಆಗದವರು ಬಿಟ್ಟೇಬಿಡಿ.

ಈಗ ನಮ್ಮವು. ‘ಕೆಜಿಎಫ್’ ಬಂದ ಮೇಲೆ ನನ್ನ ಕೆಲಸವೇ ಬದಲಾಯಿತು ಅಂತ ಹೇಳಬೇಕು. ಮದುವೆ ಮನೆಯವರು ಬಂದು ಕೂತರೆ ಮೊದಲ ಮಾತೇ “ಹುಡುಗನ ಎಂಟ್ರಿ ಕೆಜಿಎಫ್ ತರ ಮಾಡಿಕೊಡಿ” ಅಂತ. ಸ್ಲೋ ಮೋಷನ್, ನಡುನಡುವೆ ಕಪ್ಪು ಫ್ರೇಮು, ರವಿ ಬಸ್ರೂರು ಅವರ ಮ್ಯೂಸಿಕ್. ಎರಡನೇ ಭಾಗದ ಎಡಿಟರ್ ಉಜ್ವಲ್ ಕುಲಕರ್ಣಿ ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಅವನ ಕಟ್ ಎಷ್ಟು ಜನ ಕಾಪಿ ಮಾಡಿದರು! ಆದರೆ ಕಾಪಿ ಮಾಡಿದವರು ಕಪ್ಪು ಫ್ರೇಮು ಒಂದನ್ನೇ ತೆಗೆದುಕೊಂಡರು. ಮೊನ್ನೆ ಮತ್ತೆ ಹಾಕಿ ನೋಡಿದೆ. ಪೊಲೀಸ್ ಸ್ಟೇಷನ್ ಎದುರು ರಾಕಿ ‘ದೊಡ್ಡಮ್ಮ’ ಬಂದೂಕಿನಿಂದ ಗುಂಡಿನ ಮಳೆ ಸುರಿಸುತ್ತಾನಲ್ಲ, ಅಲ್ಲಿ ನನಗೆ ಇಷ್ಟವಾಗಿದ್ದು ಗುಂಡು ನಿಂತ ಮೇಲಿನ ಭಾಗ. ಕೆಂಡದ ಹಾಗೆ ಕಾದ ನಳಿಕೆಗೆ ಸಿಗರೇಟ್ ಇಟ್ಟು ಹಚ್ಚಿಕೊಳ್ಳುತ್ತಾನೆ. ಬಂದೂಕು ಕಾದಿದೆ. ಕಬ್ಬಿಣಕ್ಕೆ ಬಿಸಿ ಇದೆ. ಆ ಒಂದು ಶಾಟ್‌ನಿಂದ ಅಲ್ಲಿಯವರೆಗೆ ಆದ ಗಲಾಟೆಗೆಲ್ಲ ತೂಕ ಬಂತು.

ಸುದೀಪ್ ಅವರ ‘ಮ್ಯಾಕ್ಸ್’ 2024ರ ಕ್ರಿಸ್‌ಮಸ್‌ಗೆ ಬಂತು. ಒಂದೇ ರಾತ್ರಿಯ ಕಥೆ. ಮಂತ್ರಿಗಳ ಮಕ್ಕಳಿಬ್ಬರು ಲಾಕಪ್‌ನಲ್ಲಿ ಸತ್ತುಹೋಗುತ್ತಾರೆ, ಸ್ಟೇಷನ್ನಿನ ಪೊಲೀಸರನ್ನು ಉಳಿಸಿಕೊಳ್ಳಬೇಕು, ಹೊರಗೆ ರೌಡಿಗಳು. ಇಷ್ಟು ಗಟ್ಟಿಯಾದ ಎಳೆ ಕನ್ನಡದ ಕಮರ್ಷಿಯಲ್ ಸಿನಿಮಾಕ್ಕೆ ಸಿಕ್ಕಿದ್ದೇ ಖುಷಿ. ಹಾಡು, ಕಾಮಿಡಿ ಅಂತ ಅಡ್ಡ ಹೋಗದೆ ನೇರ ಹೋಗುತ್ತದೆ. ಸುದೀಪ್ ಎತ್ತರದ ಆಳು. ಅವರು ಸುಮ್ನೆ ನಡೆದು ಬಂದರೇ ಸಾಕು, ಎದುರಿಗಿರುವವನು ಹೆದರುತ್ತಾನೆ ಅಂತ ನಂಬಬಹುದು. ಆದರೆ ಫೈಟ್ ಶುರುವಾದರೆ ಕಟ್ ಮೇಲೆ ಕಟ್. ಏಟು ಬೀಳುವ ಜಾಗದಲ್ಲೇ ಕತ್ತರಿ ಬೀಳುತ್ತದೆ. ಕೈ ಬೀಸಿದ್ದು ಕಾಣುತ್ತದೆ, ಬಿದ್ದವನು ಕಾಣುತ್ತಾನೆ, ನಡುವಿನದು ಕಾಣುವುದಿಲ್ಲ. ಇನ್ನೊಂದು ನಾಲ್ಕೈದು ಫ್ರೇಮ್ ಬಿಟ್ಟಿದ್ದರೆ ಸಾಕಿತ್ತು. ನಿಜವಾಗಿಯೂ ಅಷ್ಟೇ ಸಾಕಿತ್ತು. ನಟ ಇದ್ದಾರೆ, ಫೈಟರ್‌ಗಳು ಜೀವ ಒತ್ತೆ ಇಟ್ಟು ಬಿದ್ದಿದ್ದಾರೆ. ಬಿದ್ದಿದ್ದನ್ನು ತೋರಿಸಿ, ದಯವಿಟ್ಟು. ಇದು ಈ ಒಂದು ಸಿನಿಮಾದ ತೊಂದರೆ ಅಂತಲ್ಲ. ಕಳೆದ ಐದಾರು ವರ್ಷದಲ್ಲಿ ಬಂದ ನಮ್ಮ ಹೆಚ್ಚಿನ ಫೈಟುಗಳು ಹೀಗೇ ಇವೆ.

‘ಕಾಂತಾರ ಚಾಪ್ಟರ್ 1’ ಇದಕ್ಕೆ ಬೇರೆ. 2025ರ ವಿಜಯದಶಮಿ ದಿನ, ಅಕ್ಟೋಬರ್ 2ಕ್ಕೆ ಬಿಡುಗಡೆ ಆಯಿತು. ನಾವು ಮನೆಮಂದಿಯೆಲ್ಲ ಹೋದೆವು. ನಮ್ಮೂರಿನ ಆ ಟಾಕೀಸಿನಲ್ಲಿ ಸೌಂಡ್ ಎಷ್ಟು ಜೋರು ಅಂದರೆ ಮಾತುಗಳು ಒಡೆದು ಕೇಳುತ್ತಿದ್ದವು, ಅಮ್ಮ ಸೆರಗು ಕಿವಿಗೆ ಒತ್ತಿಕೊಂಡೇ ಕೂತಿದ್ದರು. ಸಿನಿಮಾದ್ದು ತಪ್ಪಲ್ಲ, ವಾಲ್ಯೂಮ್ ಹಾಗೆ ಇಟ್ಟವರದ್ದು. ಇರಲಿ. ಪೇಟೆ ಬೀದಿಯಲ್ಲಿ ರಥ ಅಂಕೆ ತಪ್ಪಿ ಓಡುವ ದೃಶ್ಯ ಇದೆಯಲ್ಲ, ಅದು ನನ್ನ ಮಟ್ಟಿಗೆ ಇಡೀ ಸಿನಿಮಾದ ಜೀವ. ನಮ್ಮ ಕಡೆಯವರಿಗೆ ತೇರು ಅಂದರೆ ಏನು ಅಂತ ಗೊತ್ತು. ಹರಿಹರದ ತೇರು ನೋಡಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ನೂರಾರು ಜನ ಎಳೆದರೂ ಮೊದಲು ಕದಲುವುದಿಲ್ಲ, ಕದಲಿದ ಮೇಲೆ ನಿಲ್ಲಿಸುವುದು ಕಷ್ಟ. ಗಾಲಿಗೆ ಮರದ ತುಂಡು ಕೊಟ್ಟು ನಿಲ್ಲಿಸುವವರ ಎದೆಗಾರಿಕೆಯೇ ಬೇರೆ. ಆ ತೂಕ ಈ ದೃಶ್ಯದಲ್ಲಿದೆ. ಗಾಲಿ ತಿರುಗುವಾಗ ಮರ ಕಿರುಗುಟ್ಟುತ್ತದೆ, ತಿರುವಿನಲ್ಲಿ ರಥ ಒಂದು ಕಡೆಗೆ ವಾಲುತ್ತದೆ. ರಿಷಬ್ ಶೆಟ್ಟಿ ಅದರ ಮೇಲೆ ಮೈ ಚೆಲ್ಲಿ ಕೆಲಸ ಮಾಡಿದ್ದಾರೆ. ಕೊನೆಯ ಯುದ್ಧ ಮಾತ್ರ ನನಗೆ ಗದ್ದಲ ಅನಿಸಿತು. ಜನ ಜಾಸ್ತಿ, ಗ್ರಾಫಿಕ್ಸ್ ಜಾಸ್ತಿ, ಯಾರ ಕಡೆಯವರು ಯಾರು ಅಂತ ನಡುವೆ ಕಳೆದುಹೋಯಿತು.

ಇನ್ನು ಆನಿಮೇಷನ್. ಇಲ್ಲಿ ಮೈಯೇ ಇಲ್ಲ. ಬೀಳುವವರೂ ಇಲ್ಲ, ಹೊಡೆಯುವವರೂ ಇಲ್ಲ. ತೂಕ, ನೋವು ಎಲ್ಲವನ್ನೂ ಯಾರೋ ಕೂತು ಒಂದೊಂದು ಫ್ರೇಮಿನಲ್ಲಿ ಮಾಡಿ ಇಡಬೇಕು. ಅದಕ್ಕೇ ನನಗೆ ಇವು ಇಷ್ಟ. ಕಾರ್ಟೂನ್ ಅಂದರೆ ಮಕ್ಕಳ ಆಟ ಅನ್ನುವವರ ಜೊತೆ ನಾನು ಯಾವತ್ತೂ ವಾದಕ್ಕೆ ನಿಲ್ಲುತ್ತೇನೆ.

‘ಮಹಾವತಾರ ನರಸಿಂಹ’ 2025ರ ಜುಲೈ 25ರಂದು ಬಂತು, ಭೀಮನ ಅಮಾವಾಸ್ಯೆಯ ಮಾರನೇ ದಿನ. ಅಶ್ವಿನ್ ಕುಮಾರ್ ಅವರ ಮೊದಲ ಸಿನಿಮಾ. ಅರ್ಪಿಸಿದವರು ನಮ್ಮ ಹೊಂಬಾಳೆ ಫಿಲಂಸ್. ಮುಖ್ಯವಾದ ಮಾತು, ಕನ್ನಡದಲ್ಲಿ ಬಂತು. ಅಣ್ಣನ ಮಗಳನ್ನು ಕರೆದುಕೊಂಡು ಹೋದೆ, ಅಮ್ಮನೂ ಬಂದರು. ಅಮ್ಮನಿಗೆ ಪ್ರಹ್ಲಾದ ಅಂದರೆ 1983ರ ‘ಭಕ್ತ ಪ್ರಹ್ಲಾದ’ದ ಪುಟ್ಟ ಪುನೀತ್, ಹಿರಣ್ಯಕಶಿಪು ಅಂದರೆ ಅಣ್ಣಾವ್ರು. ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ಈ ಹೊಸ ಮುಖಗಳು ಒಗ್ಗುವುದು ಕಷ್ಟ. ನನಗೂ ಮೊದಲ ಅರ್ಧ ಗಂಟೆ ಒಗ್ಗಲಿಲ್ಲ. ಮುಖಗಳು ಬಿಗಿಯಾಗಿವೆ. ಬಾಯಿ ಅಲ್ಲಾಡುತ್ತದೆ, ಕೆನ್ನೆ ಅಲ್ಲಾಡುವುದಿಲ್ಲ. ನಡೆಯುವಾಗ ಪಾದ ನೆಲಕ್ಕೆ ಊರಿದ ಹಾಗೆ ಅನಿಸುವುದಿಲ್ಲ. ಮಾತಿನ ದೃಶ್ಯಗಳಲ್ಲಿ ಇದು ಎದ್ದು ಕಾಣುತ್ತದೆ.

ಕಂಬ ಒಡೆಯಿತು ನೋಡಿ, ಅಲ್ಲಿಂದ ಸಿನಿಮಾವೇ ಬೇರೆ. ಇದಕ್ಕೇ ಕೂಡಿಟ್ಟಿದ್ದರೇನೋ ಅನ್ನುವ ಹಾಗೆ ಇದ್ದಬದ್ದ ಶಕ್ತಿಯನ್ನೆಲ್ಲ ಅಲ್ಲಿ ಸುರಿದಿದ್ದಾರೆ. ನರಸಿಂಹ ಹೆಜ್ಜೆ ಇಟ್ಟರೆ ನೆಲ ಕುಸಿಯುತ್ತದೆ. ಕೈ ಎತ್ತುವ ಮೊದಲು ಭುಜ ಏಳುತ್ತದೆ, ಬೆನ್ನು ಬಾಗುತ್ತದೆ, ಆಮೇಲೆ ಉಗುರು ಬರುತ್ತದೆ. ಆ ಕ್ರಮ ಸರಿ ಇರುವುದರಿಂದಲೇ ಏಟು ನಂಬಿಕೆಗೆ ಬರುತ್ತದೆ. ಹಂಪಿಯಲ್ಲಿ 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ ನರಸಿಂಹ ಇದೆಯಲ್ಲ, ಆರೂಮುಕ್ಕಾಲು ಮೀಟರ್ ಎತ್ತರದ್ದು, ಅದರ ಗುಡ್ಡೆ ಕಣ್ಣು ನೋಡಿ ಹೋದ ವರ್ಷ ಅಣ್ಣನ ಮಗಳು ಹೆದರಿದ್ದಳು. ಇಲ್ಲಿ ಹೆದರಲಿಲ್ಲ. ಸೀಟಿನ ಮೇಲೆ ನಿಂತು ನೋಡಿದಳು. “ಅತ್ತೆ, ಹೊಸ್ತಿಲ ಮೇಲೆ ಯಾಕೆ ಕೂರಿಸ್ಕೊಂಡ?” ಅಂತ ಕೇಳಿದಾಗ ಅಮ್ಮ ಅಲ್ಲೇ ಕತ್ತಲಲ್ಲಿ ವರದ ಕಥೆಯನ್ನೆಲ್ಲ ಹೇಳಿದರು. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ರಾತ್ರಿಯೂ ಅಲ್ಲ. ಅಕ್ಕಪಕ್ಕದವರು ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಮಗು ಆ ಪ್ರಶ್ನೆ ಕೇಳಿದ್ದು ಯಾಕೆ? ಮಾತು ಅರ್ಥವಾಗಿದ್ದಕ್ಕೆ. ಕರ್ನಾಟಕದಲ್ಲಿ ದಶಕಗಳ ಕಾಲ ಡಬ್ಬಿಂಗ್ ಸಿನಿಮಾ ಬರಲು ಬಿಡುತ್ತಿರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದರ ವಿರುದ್ಧ ಆದೇಶ ಕೊಟ್ಟ ಮೇಲೆ ನಿಧಾನಕ್ಕೆ ಬದಲಾಯಿತು. ನಮ್ಮ ಚಿತ್ರರಂಗ ಉಳಿಯಬೇಕು ಅನ್ನುವ ಕಾಳಜಿ ನನಗೂ ಅರ್ಥವಾಗುತ್ತದೆ. ಆದರೆ ಕನ್ನಡದಲ್ಲಿ ಆನಿಮೇಷನ್ ಸಿನಿಮಾ ಮಾಡುವವರೇ ಇಲ್ಲದಿದ್ದಾಗ ಡಬ್ಬಿಂಗ್ ಕೂಡ ಬೇಡ ಅಂದರೆ ಮಕ್ಕಳು ಏನು ನೋಡಬೇಕು? ನಾನು ಚಿಕ್ಕವಳಿದ್ದಾಗ ಕಾರ್ಟೂನ್ ನೋಡಿದ್ದು ಅರ್ಧಂಬರ್ಧ ಅರ್ಥವಾಗುವ ಹಿಂದಿಯಲ್ಲಿ. 2023ರಲ್ಲಿ ‘ಸ್ಪೈಡರ್‌ಮ್ಯ‌ಾನ್ ಅಕ್ರಾಸ್ ದ ಸ್ಪೈಡರ್‌ವರ್ಸ್’ ಕನ್ನಡದಲ್ಲೂ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆಮೇಲೆ ಅದು ಪ್ರತಿ ಸಲ ಆಗಬೇಕಿತ್ತು. ಆಗಲಿಲ್ಲ.

ಉದಾಹರಣೆಗೆ ಜಪಾನಿನ ಆನಿಮೇಷನ್ ಸಿನಿಮಾ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’. 2025ರ ಸೆಪ್ಟೆಂಬರ್ 12ಕ್ಕೆ ಇಲ್ಲಿ ಬಂತು. ಹಿಂದಿ, ತಮಿಳು, ತೆಲುಗಿನಲ್ಲಿ ಸಿಕ್ಕಿತು, ಕನ್ನಡದಲ್ಲಿ ಇಲ್ಲ. ಪಿತೃಪಕ್ಷ, ನನಗೂ ಬಿಡುವು. ಅಕ್ಕನ ಮಗ ಎಳೆದುಕೊಂಡು ಹೋದ. ಅವನಿಗೆ ಈ ಸರಣಿಯ ಎಲ್ಲರ ಜಾತಕವೂ ಬಾಯಿಪಾಠ. “ಚಿಕ್ಕಮ್ಮ, ಏನೂ ಕೇಳ್ಬೇಡಿ, ಸುಮ್ನೆ ನೋಡಿ” ಅಂದ. ನೋಡಿದೆ. ಮೊದಲ ಹತ್ತು ನಿಮಿಷದಲ್ಲೇ ರಾಕ್ಷಸರ ಆ ಕೋಟೆ ತಲೆ ತಿರುಗಿಸಿತು. ಕೋಣೆಗಳು ತಲೆಕೆಳಗಾಗುತ್ತವೆ, ಮೆಟ್ಟಿಲು ಅಡ್ಡ ಬರುತ್ತದೆ, ನಿಂತ ನೆಲವೇ ಜಾರಿಕೊಂಡು ಹೋಗುತ್ತದೆ. ಯಾರು ಎಲ್ಲಿದ್ದಾರೆ ಅಂತ ಗೊತ್ತಾಗಬೇಕು ಅಂತ ನಾನು ಹೇಳುತ್ತೇನಲ್ಲ, ಇಲ್ಲಿ ಬೇಕಂತಲೇ ಗೊತ್ತಾಗದ ಹಾಗೆ ಮಾಡಿದ್ದಾರೆ. ಆದರೆ ಫೈಟ್ ಶುರುವಾಗುವ ಹೊತ್ತಿಗೆ ಒಂದು ಕೋಣೆ ಗಟ್ಟಿಯಾಗಿ ನಿಲ್ಲುತ್ತದೆ. ಆಗ ಕಣ್ಣಿಗೆ ನೆಲ ಸಿಗುತ್ತದೆ. ತಿಳಿದು ಮಾಡಿದ ಕೆಲಸ.

ಇದರಲ್ಲಿ ಶಿನೊಬು ಅನ್ನುವ ಸಣ್ಣ ಮೈಕಟ್ಟಿನ ಹುಡುಗಿ ನನಗೆ ಬಹಳ ಹಿಡಿಸಿದಳು. ರಾಕ್ಷಸರ ಕತ್ತು ಕಡಿಯುವಷ್ಟು ಬಲ ಅವಳ ತೋಳಿನಲ್ಲಿ ಇಲ್ಲ. ಅದಕ್ಕೆ ಕತ್ತಿಯಲ್ಲಿ ವಿಷ ಇಟ್ಟುಕೊಂಡು ಚುಚ್ಚುತ್ತಾಳೆ. ಎದುರಿನವನು ದೊಡ್ಡ ಆಳು, ಇವಳು ಹಗುರ. ಯಾರ ಮೈ ಎಷ್ಟು ತೂಕ ಅನ್ನೋದೇ ಇಲ್ಲಿ ಕಥೆ. ಸಿನಿಮಾದ ತೊಂದರೆ ಅಂದರೆ ಫ್ಲ್ಯಾಶ್‌ಬ್ಯಾಕ್. ಎರಡೂವರೆ ಗಂಟೆ ಮೀರಿದ ಸಿನಿಮಾದಲ್ಲಿ ಫೈಟ್ ಬಿಸಿ ಏರಿದಾಗಲೆಲ್ಲ ನಿಲ್ಲಿಸಿ ಹಳೆಯ ಕಥೆ ಹೇಳುತ್ತಾರೆ. ಕೆಲವು ನನಗೆ ಬೇಡವಾಗಿತ್ತು. ಅಕಾಜಾ ಅನ್ನುವ ರಾಕ್ಷಸನ ಕಥೆ ಮಾತ್ರ ಬೇಕಾಗಿತ್ತು. ಕಾಯಿಲೆಯ ಅಪ್ಪನ ಔಷಧಿಗಾಗಿ ಕಳ್ಳತನ ಮಾಡಿ ಸಿಕ್ಕಿಬೀಳುವ ಹುಡುಗ ಅವನು. ಅಲ್ಲಿಯವರೆಗೆ ಅವನನ್ನು ಬೈದುಕೊಳ್ಳುತ್ತಿದ್ದ ನಮ್ಮ ಹುಡುಗ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ನಾನೂ ಅಷ್ಟೇ.

ಈಗ ಬೆಕ್ಕು. ‘ಫ್ಲೋ’ ಲಾಟ್ವಿಯಾ ದೇಶದ ಸಿನಿಮಾ. ಇಡೀ ದೇಶದ ಜನಸಂಖ್ಯೆ ಇಪ್ಪತ್ತು ಲಕ್ಷವೂ ಇಲ್ಲ. ನಿರ್ದೇಶಕ ಗಿಂಟ್ಸ್ ಜಿಲ್ಬಲೋಡಿಸ್. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ನನ್ನ ಕಂಪ್ಯೂಟರ್‌ನಲ್ಲೂ ಅದಿದೆ, ಮದುವೆ ಟೈಟಲ್ ತಿರುಗಿಸಲು ಬಳಸುತ್ತೇನೆ. 2025ರಲ್ಲಿ ದೊಡ್ಡ ದೊಡ್ಡ ಸ್ಟುಡಿಯೊಗಳ ಎದುರು ನಿಂತು ಆಸ್ಕರ್ ಗೆದ್ದಿತು. ಲಾಟ್ವಿಯಾಕ್ಕೆ ಅದೇ ಮೊದಲ ಆಸ್ಕರ್.

ಇದರಲ್ಲಿ ಒಂದೇ ಒಂದು ಮಾತಿಲ್ಲ. ನೆರೆ ಬರುತ್ತದೆ, ಊರು ಕಾಡು ಎಲ್ಲ ಮುಳುಗುತ್ತದೆ, ಒಂದು ಕರಿ ಬೆಕ್ಕು ದೋಣಿ ಹತ್ತುತ್ತದೆ. ಅದರಲ್ಲಿ ಕ್ಯಾಪಿಬರಾ ಅನ್ನುವ, ಇಲಿ ಜಾತಿಯ ದೊಡ್ಡ ಪ್ರಾಣಿ ಆಗಲೇ ಮಲಗಿದೆ. ಆಮೇಲೆ ಒಂದು ನಾಯಿ, ಒಂದು ಲೆಮೂರ್, ಉದ್ದ ಕಾಲಿನ ಒಂದು ಹಕ್ಕಿ ಸೇರಿಕೊಳ್ಳುತ್ತವೆ. ಪ್ರಾಣಿಗಳು ಪ್ರಾಣಿಗಳ ಹಾಗೆಯೇ ಇರುತ್ತವೆ, ಮನುಷ್ಯರ ಹಾಗೆ ಹಲ್ಲು ಕಿರಿಯುವುದಿಲ್ಲ. ಸದ್ದುಗಳೂ ಪ್ರಾಣಿಗಳದ್ದೇ. ಕ್ಯಾಪಿಬರಾದ ಸ್ವಂತ ಸ್ವರ ಕಿವಿಗೆ ಹಿತವಾಗಿಲ್ಲ ಅಂತ ಅದಕ್ಕೆ ಮಾತ್ರ ಒಂಟೆ ಮರಿಯ ಸ್ವರ ಹಾಕಿದ್ದಾರಂತೆ.

ಬೆಕ್ಕು ಹಾರುವುದನ್ನು ನೋಡಿ. ಹಾರುವ ಮೊದಲು ಹಿಂಗಾಲು ಮಡಚಿ ಎರಡು ಸಲ ಜಾಗ ಸರಿ ಮಾಡಿಕೊಳ್ಳುತ್ತದೆ. ದೂರ ಅಳೆಯುತ್ತದೆ. ಆಗುವುದಿಲ್ಲ ಅನಿಸಿದರೆ ಬಿಟ್ಟುಬಿಡುತ್ತದೆ. ಹಾರಿದರೂ ಕೆಲವು ಸಲ ಉಗುರು ಸಿಕ್ಕುವುದಿಲ್ಲ, ಜಾರಿ ನೀರಿಗೆ ಬೀಳುತ್ತದೆ. ಮೈ ಒದ್ದೆಯಾದರೆ ಅರ್ಧಕ್ಕೆ ಇಳಿದು, ಆ ಸಣ್ಣ ಮೈ ನಡುಗುತ್ತದೆ. ಕ್ಯಾಮೆರಾ ಕಟ್ ಇಲ್ಲದೆ ನಿಮಿಷಗಟ್ಟಲೆ ಅದರ ಹಿಂದೆಯೇ ಹೋಗುತ್ತದೆ. ಹಗಲೆಲ್ಲ ಕತ್ತರಿಸುವ ನನಗೆ ಕಟ್ ಬೇಡವೇ ಬೇಡ ಅನಿಸಿದ ಸಿನಿಮಾ ಇದು. ಕೊನೆಯ ಹೊತ್ತಿಗೆ ನೀರು ಇಳಿದು, ದೋಣಿ ಪ್ರಪಾತದ ಮೇಲೆ ಮರಕ್ಕೆ ಸಿಕ್ಕಿ ನೇತಾಡುತ್ತದೆ. ಒಳಗೆ ಕ್ಯಾಪಿಬರಾ. ಉಳಿದವು ಹಗ್ಗ ಕಚ್ಚಿ ಎಳೆಯುತ್ತವೆ. ಎಳೆದಷ್ಟೂ ಕಾಲು ಮಣ್ಣಿನಲ್ಲಿ ಜಾರುತ್ತದೆ. ಅಷ್ಟರಲ್ಲಿ ಒಂದು ಮೊಲ ಅಡ್ಡ ಓಡುತ್ತದೆ, ನಾಯಿಗಳು ಎಲ್ಲ ಬಿಟ್ಟು ಅದರ ಹಿಂದೆ ಹೋಗಿಬಿಡುತ್ತವೆ! ಅಮ್ಮ “ಅಯ್ಯೋ ಬಿಡಬೇಡ್ರೋ” ಅಂತ ಕೂಗಿದರು. ಯಾವ ಹೀರೊ ಫೈಟಿಗೂ ಅಮ್ಮ ಹೀಗೆ ಕೂಗಿದ್ದು ನಾನು ನೋಡಿಲ್ಲ. ಮಾತಿಲ್ಲದ್ದರಿಂದ ಸಬ್‌ಟೈಟಲ್ ಬೇಡ, ಡಬ್ಬಿಂಗ್ ಬೇಡ. ಎಪ್ಪತ್ತರ ಅಮ್ಮ, ಏಳರ ಮಗು, ಇಬ್ಬರಿಗೂ ಸಮ ಸಮ ಅರ್ಥವಾಯಿತು. ಮನೆಯಲ್ಲಿ ಎಲ್ಲರೂ ಕೂತು ನೋಡಲು ಒಂದೇ ಸಿನಿಮಾ ಹೇಳಿ ಅಂದರೆ ನಾನು ಇದನ್ನೇ ಹೇಳುವುದು.

ಇದರ ಜೊತೆಗೇ ‘ವೈಲ್ಡ್ ರೋಬೋಟ್’ ನೋಡಿದೆವು. ಕ್ರಿಸ್ ಸ್ಯಾಂಡರ್ಸ್ ನಿರ್ದೇಶನ, 2024ರದ್ದು. ಕಾಡಿನಲ್ಲಿ ಬಿದ್ದ ರೋಬೋಟ್ ಒಂದು ಹೆಬ್ಬಾತು ಮರಿಯನ್ನು ಸಾಕುವ ಕಥೆ. ಕೊನೆಯ ಅರ್ಧ ಗಂಟೆಯ ಹೊಡೆದಾಟ ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಒಂದು ವಿಷಯಕ್ಕೆ ನಾನು ಇದನ್ನು ಮರೆಯುವುದಿಲ್ಲ. ರೋಬೋಟಿಗೆ ಆದ ಗಾಯ ವಾಸಿಯಾಗುವುದಿಲ್ಲ. ತಗ್ಗು ಬಿದ್ದದ್ದು ತಗ್ಗಾಗಿಯೇ ಇರುತ್ತದೆ. ಮೈಗೆ ಪಾಚಿ ಹತ್ತುತ್ತದೆ. ಒಂದು ಕಾಲು ಹೋದಾಗ ಬೀವರ್ ಮರದ ಕಾಲು ಕೆತ್ತಿ ಕೊಡುತ್ತದೆ, ಆಮೇಲೆ ಅದರಲ್ಲೇ ನಡೆಯುತ್ತದೆ. ಫೈಟ್ ಮುಗಿದ ಮರುದೃಶ್ಯದಲ್ಲಿ ಇಸ್ತ್ರಿ ಶರ್ಟ್ ಹಾಕಿಕೊಂಡು ಬರುವ ಹೀರೊಗಳ ನಿರ್ದೇಶಕರು ಇದನ್ನು ಒಮ್ಮೆ ನೋಡಲಿ ಅಂತ ಮನಸಾರೆ ಆಸೆ ನನಗೆ.

ಮುಂದೆ ನಾನು ಕಾಯುತ್ತಿರುವುದು ‘ಮಹಾವತಾರ’ದ ಎರಡನೇ ಸಿನಿಮಾಕ್ಕೆ. ಪರಶುರಾಮನ ಕಥೆ, 2027ಕ್ಕೆ ಅಂತ ಹೇಳಿದ್ದಾರೆ. ಪರಶುರಾಮ ಅಂದರೆ ಕೊಡಲಿ. ಕೊಡಲಿ ಬೀಸುವಾಗ ತೂಕವೆಲ್ಲ ತುದಿಯಲ್ಲಿರುತ್ತದೆ. ಎತ್ತಲು ಸೊಂಟ ತಿರುಗಬೇಕು, ಬಿದ್ದ ಮೇಲೆ ಕಿತ್ತುಕೊಳ್ಳಲು ಕಾಲು ಊರಬೇಕು. ಅದನ್ನು ಸರಿಯಾಗಿ ಮಾಡಲಿ, ಮುಖಗಳಿಗೆ ಇನ್ನಷ್ಟು ಜೀವ ಬರಲಿ, ಕನ್ನಡದಲ್ಲಿ ಮೊದಲ ದಿನವೇ ಬರಲಿ. ಅಣ್ಣನ ಮಗಳಿಗೆ ಅಷ್ಟು ಹೊತ್ತಿಗೆ ಒಂಬತ್ತು ತುಂಬಿರುತ್ತದೆ. ಟಿಕೆಟ್ ಖರ್ಚು ನನ್ನದೇ ಅಂತ ಈಗಲೇ ಮಾತು ಕೊಟ್ಟಿದ್ದೇನೆ.